ಕೋಟೆಯೊಳಗೆ ಗೋಡೆಗೊಂದು ಕಾನೂನು, ಜೆಸಿಬಿಗೊಂದು ಕಾನೂನಾ? ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಂಡ್ಯದ ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಶ್ರೀರಂಗಪಟ್ಟಣದ ಕೋಟೆಯೊಳಗೆ ಇರುವವನು. ನಮ್ಮ ಮನೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಬರುತ್ತದೆ. ಅದರ ಅರ್ಥ ನಿಮಗೆ ಹೇಳಬೇಕಿಲ್ಲ, ಅನುಮತಿ ಇಲ್ಲದೆ ಗೋಡೆ ರಿಪೇರಿಯನ್ನೂ ಮಾಡುವಂತಿಲ್ಲ. ಮೂರು ಮಳೆಗಾಲದ ಹಿಂದೆ ನಮ್ಮ ಬಚ್ಚಲ ಗೋಡೆ ಬಿತ್ತು. ಕಟ್ಟಿಕೊಳ್ಳಲು ಅನುಮತಿ ಬೇಕು ಅಂದರು. ಅರ್ಜಿ ಕೊಟ್ಟೆ, ನಕ್ಷೆ ಕೊಟ್ಟೆ, ಫೋಟೋ ಕೊಟ್ಟೆ. ಫೋಟೋ ಸರಿಯಿಲ್ಲ ಅಂದರು, ಮತ್ತೆ ಕೊಟ್ಟೆ. ಎಂಬತ್ತು ದಾಟಿದ ನಮ್ಮಮ್ಮ ಇವತ್ತಿಗೂ ತಗಡಿನ ಮರೆಯಲ್ಲಿ ಸ್ನಾನ ಮಾಡುತ್ತಾರೆ. ಹೋಗಲಿ, ಇತಿಹಾಸದ ಊರು, ನಾವೂ ಸ್ವಲ್ಪ ಸಹಿಸಬೇಕು ಅಂತ ಸುಮ್ಮನಿದ್ದೆ.

ಕಳೆದ ತಿಂಗಳವರೆಗೆ.

ನಮ್ಮ ಬೀದಿಯ ಕೊನೆಗೆ ಹಳೇ ಬಂಗಲೆಯೊಂದಿದೆ. ಅದೂ ಅದೇ 100 ಮೀಟರ್ ಒಳಗೆ. ಒಂದು ಬೆಳಗ್ಗೆ ಅದರ ತೋಟಕ್ಕೆ ಜೆಸಿಬಿ ಬಂತು. ಪೈಪು, ಕಾರಂಜಿ, ಏನೇನೋ ಅಂದರು. ಹತ್ತು ಗಂಟೆ ಹೊತ್ತಿಗೆ ಎದೆಮಟ್ಟದ ಕಾಲುವೆ ತೆಗೆದಾಗಿತ್ತು. ಬೇಲಿ ಪಕ್ಕ ನಿಂತು ನೋಡಿದೆ. ತೆಳು ಇಟ್ಟಿಗೆಯ ಸಾಲು, ಗಾರೆ ಮೆತ್ತಿದ ತೊಟ್ಟಿಯ ಅಂಚು, ಅದರ ಕೆಳಗೆ ಬೂದಿಯ ಪದರ. 1799ರ ಮೇ 4ರಂದು ಈ ಕೋಟೆ ಇಂಗ್ಲಿಷರ ಕೈಗೆ ಬಿತ್ತಲ್ಲ, ಆವತ್ತಿನ ಬೂದಿಯೋ, ಯಾರದೋ ಒಲೆಯದೋ? ನೋಡಿ ಹೇಳುವವರು ಒಬ್ಬರೂ ಇರಲಿಲ್ಲ. ಸ್ವಲ್ಪ ನಿಲ್ಲಿಸಿ, ಫೋಟೋ ಆದರೂ ತೆಗೆಯೋಣ ಅಂದೆ. "ಏನ್ ಸಾರ್, ನಿಧಿ ಗಿಧಿ ಸಿಕ್ತಾ?" ಅಂತ ಮೇಸ್ತ್ರಿ ನಕ್ಕ. ಮಧ್ಯಾಹ್ನಕ್ಕೆ ಇಟ್ಟಿಗೆ, ಮಡಕೆ ಚೂರು, ಬೂದಿ ಎಲ್ಲ ಟ್ರ್ಯಾಕ್ಟರ್ ಹತ್ತಿ ಯಾರದೋ ಸೈಟು ತುಂಬಲು ಹೋಯಿತು.

ನಿಧಿ ಅಂದ ಮೇಲೆ ನೆನಪಾಯಿತು. 10 ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ನಿಮಗೇ ಬರೆದು ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆ ಹೇಳುತ್ತದೆ, ಅಲ್ವಾ ಸಾರ್? ಟ್ರ್ಯಾಕ್ಟರಿನವನು ತಿಳಿಸಿರುತ್ತಾನೆ ಬಿಡಿ.

ಕೆಲಸವೇ ಬೇಡ ಅನ್ನುತ್ತಿಲ್ಲ. ಅಗೆಯುವಾಗ ಪುರಾತತ್ವ ಗೊತ್ತಿರುವ ಒಬ್ಬರು ಗುಂಡಿ ಪಕ್ಕ ನಿಂತಿರಲಿ. ಏನಾದರೂ ಕಂಡರೆ ಯಂತ್ರ ನಿಲ್ಲಲಿ, ಕೈಯಲ್ಲಿ ಮಣ್ಣು ಬಿಡಿಸಿ, ಅಳತೆ ಬರೆದುಕೊಂಡು ಆಮೇಲೆ ಮುಚ್ಚಲಿ. ಪದರ ಒಮ್ಮೆ ಕಲಸಿಹೋದರೆ ಯಾವ ಚೂರು ಯಾವ ಕಾಲದ್ದು ಅಂತ ಯಾರು ಹೇಳಬೇಕು? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಕೋಟೆಯ ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರ ರಾಕೆಟ್ ಸಿಕ್ಕವು. ಅಲ್ಲಿ ಪುರಾತತ್ವ ಇಲಾಖೆಯವರು ಮಣ್ಣು ತೆಗೆಸಿದರು. ಇಲ್ಲಿ, ಟಿಪ್ಪುವಿನ ರಾಜಧಾನಿಯಲ್ಲೇ, ಮೇಸ್ತ್ರಿ ತೆಗೆಸುತ್ತಾನೆ. ರೈಲು ಹಳಿಗೆ ಜಾಗ ಬೇಕು ಅಂತ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನೇ ಇಡಿಯಾಗಿ ಸರಿಸಿದ ಊರು ಇದು. ಗುಂಡಿ ಪಕ್ಕ ಒಬ್ಬರನ್ನು ನಿಲ್ಲಿಸಲು ಆಗುವುದಿಲ್ಲವಾ?

ತೋಟದ ಬಾವಿ ಕಡೆಯ ಅರ್ಧ ಇನ್ನೂ ಅಗೆದಿಲ್ಲ. ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಸೋಮವಾರ ಜೆಸಿಬಿ ಬರುತ್ತದಂತೆ. ಅದಕ್ಕೂ ಮೊದಲು ಒಬ್ಬರನ್ನು ಕಳಿಸಿ. ಹಾಗೇ ನಮ್ಮ ಬಚ್ಚಲ ಅರ್ಜಿ ಯಾರ ಮೇಜಿನ ಮೇಲಿದೆ ಅಂತಲೂ ಒಂದು ಮಾತು ಕೇಳಿಸಿ.

ಇಂತಿ,
ಕೋಟೆಯೊಳಗಿನ ಒಬ್ಬ ನಿವಾಸಿ
ಶ್ರೀರಂಗಪಟ್ಟಣ