4 ಮೀಟರ್ ಬೇಲಿ, 16 ಮೀಟರ್ ನೆರಳು

ಲೆಸ್ಟರ್, ಇಂಗ್ಲೆಂಡ್
ಸೆಪ್ಟೆಂಬರ್ 14

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಪ್ಪಾ, ಫೋನಿನಲ್ಲಿ ನಿಮಗೆ ನನ್ನ ಮಾತು ಅರ್ಧ ಮಾತ್ರ ಕೇಳುತ್ತದೆ, ಉಳಿದರ್ಧ ತಮ್ಮ ತನಗೆ ಬೇಕಾದ ಹಾಗೆ ಹೇಳುತ್ತಾನೆ. "ಅಕ್ಕನ ನೆರೆಕರೆಯವನು ಮರ ಕಡಿಯುವುದಿಲ್ಲವಂತೆ, ಅಕ್ಕ ಕೇಸು ಹಾಕುತ್ತಾಳಂತೆ" ಎಂದು ಅವನು ಒಂದೇ ಉಸಿರಿಗೆ ಮುಗಿಸಿದ್ದು ನನಗೂ ಕೇಳಿತು. ಅದು ಮರವೂ ಅಲ್ಲ, ಕೇಸೂ ಇಲ್ಲ. ನಿಮಗೆ ನಿದ್ದೆ ಬಾರದು ಎಂದು ಅಮ್ಮ ಹೇಳಿದ್ದರಿಂದ ಎಲ್ಲವನ್ನೂ ಬರೆಯುತ್ತಿದ್ದೇನೆ. ತಮ್ಮಾ, ಓದಿ ಹೇಳುವಾಗ ನಡುವೆ ಹಾರಿಸಬೇಡ.

ನಾವು ಈ ಮನೆ ನೋಡಲು ಬಂದದ್ದು ಕಳೆದ ವರ್ಷದ ಆಗಸ್ಟಿನಲ್ಲಿ. ಹಿತ್ತಿಲಿನಲ್ಲಿ ಒಳ್ಳೆ ಬಿಸಿಲಿತ್ತು. ಹಿತ್ತಿಲು ಅಂದರೆ ನಮ್ಮ ಅಡಕ್ಕೆ ಒಣಗಿಸುವ ಅಂಗಳದ ಕಾಲುಭಾಗ, 6 ಮೀಟರ್ ಅಗಲ, 15 ಮೀಟರ್ ಉದ್ದ. ಎರಡು ಸಾಲು ನೆಟ್ಟಿಕಾಯಿ ತರಕಾರಿಗೆ ಧಾರಾಳ ಸಾಕು ಎಂದುಕೊಂಡೆ. ಅಕ್ಟೋಬರಿನಲ್ಲಿ ಸಾಮಾನು ತಂದು ಇಳಿಸಿದೆವು. ನವಂಬರ್ ಬಂದಾಗ ಹಿತ್ತಿಲಿನಲ್ಲಿ ಬಿಸಿಲು ಎಂಬುದೇ ಇಲ್ಲ. ಒಗೆದ ಬಟ್ಟೆ ಮೂರು ದಿನ ಒಣಗಲಿಲ್ಲ, ಇಟ್ಟಿಗೆ ಹಾಸಿನ ಮೇಲೆ ಹಾವಸೆ, ಮಗು ಎರಡು ಸಲ ಜಾರಿ ಬಿದ್ದಳು.

ಕಾರಣ ತೆಂಕು ಬದಿಯ ಮನೆಯ ಅಜ್ಜ ಬೆಳೆಸಿದ ಬೇಲಿ. ಬೇಲಿ ಎಂದ ಕೂಡಲೇ ನಮ್ಮ ಊರಿನ ದಾಸವಾಳದ ಸಾಲು ನೆನೆಸಿಕೊಳ್ಳಬೇಡಿ. ಇದಕ್ಕೆ ಲೇಲ್ಯಾಂಡಿ ಎಂದು ಹೆಸರು. ದೂರದಿಂದ ನೋಡಿದರೆ ಕಡಲಕರೆಯ ಗಾಳಿಮರದ ಹಾಗೆ, ಹತ್ತಿರ ಬಂದರೆ ಹಸಿರು ಗೋಡೆ. ಇದರ ಹುಟ್ಟು ಒಂದು ಚೋದ್ಯ. ಉತ್ತರ ಅಮೆರಿಕದ ಪಡುಕರಾವಳಿಯ ಎರಡು ಜಾತಿಯ ಸೈಪ್ರಸ್ ಮರಗಳು ಅಲ್ಲಿ ನೂರಾರು ಮೈಲಿ ದೂರ ದೂರ ಇದ್ದು ಒಂದನ್ನೊಂದು ಕಂಡದ್ದೇ ಇಲ್ಲ. ಯಾರೋ ಎರಡನ್ನೂ ತಂದು ವೇಲ್ಸಿನ ಒಂದು ದೊಡ್ಡ ಬಂಗಲೆಯ ತೋಟದಲ್ಲಿ ನೆಟ್ಟರು, 1888ರಲ್ಲಿ ಅಲ್ಲಿ ಸಂಬಂಧ ಕೂಡಿತು. ಪರದೇಶಕ್ಕೆ ಬಂದು ಮದುವೆಯಾದವರ ಸಂತಾನ. ವರ್ಷಕ್ಕೆ ಸುಮಾರು ಒಂದು ಮೀಟರ್ ಏರುತ್ತದೆ. ಅಜ್ಜನ ಬೇಲಿ 4 ಮೀಟರ್ ಮುಟ್ಟಿತ್ತು.

4 ಮೀಟರಿಗೆ ಇಷ್ಟು ರಂಪವೇ ಎಂದು ನೀವು ಕೇಳುತ್ತೀರಿ, ಗೊತ್ತು. ನಮ್ಮ ತೋಟದ ಅಡಕ್ಕೆ ಕಂಗು ಅದಕ್ಕಿಂತ ಮೂರು ಪಾಲು ಎತ್ತರ. ಆದರೆ ಕೇರಳದ ಕಾಸರಗೋಡು ಬದಿಯ ನಮ್ಮ ಪೆರ್ಲ ಇರುವುದು ಭೂಮಧ್ಯರೇಖೆಯಿಂದ 12.6 ಡಿಗ್ರಿಯಲ್ಲಿ, ಈ ಊರು 52.6ರಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ನಮ್ಮಲ್ಲಿ ಸೂರ್ಯ 54 ಡಿಗ್ರಿ ಮೇಲಿರುತ್ತಾನೆ, ಇಂಥ ಬೇಲಿಯ ನೆರಳು 3 ಮೀಟರ್ ದಾಟದು. ಇಲ್ಲಿ ಅದೇ ಹೊತ್ತಿಗೆ ಸೂರ್ಯ ಏರುವುದು ಬರೀ 14 ಡಿಗ್ರಿ. 4 ಮೀಟರ್ ಬೇಲಿಗೆ 16 ಮೀಟರ್ ನೆರಳು! ನಮ್ಮ ಹಿತ್ತಿಲನ್ನು ನುಂಗಿ, ಬಡಗು ಬದಿಯವರ ಹಿತ್ತಿಲನ್ನೂ ದಾಟಿ ಹೋಗುತ್ತದೆ. ಲೆಕ್ಕ ಹಾಕಿದ್ದು ಇವರು, ಹೈಸ್ಕೂಲಿನ ಟ್ಯಾನ್ ಥೀಟಾ ಹಿಡಿದುಕೊಂಡು. ನಾನು ನಂಬದೆ ಮಾರ್ಚಿನಲ್ಲಿ ಬಟ್ಟೆ ಹರಗುವ ಹಗ್ಗ ಬಿಚ್ಚಿ ಅಳೆದೆ. ಆಗಲೂ ಸುಮಾರು 5 ಮೀಟರ್, ಅಂದರೆ 6ರಲ್ಲಿ ನನಗೆ ಉಳಿದದ್ದು ಒಂದು.

ಅಪ್ಪಾ, ಹಗ್ಗ ಹಿಡಿದು ನಿಂತಾಗಲೇ ನನಗೆ ನಿಮ್ಮ ತೋಟ ನೆನಪಾದದ್ದು. ಆಚೆಕರೆ ಮಾವ ಗುಡ್ಡೆ ಬದಿಯ ಕಾಟುಮಾವು, ಹಲಸು ಎಲ್ಲ ಕಡಿಸಿ ರಬ್ಬರಿಗೆ ಗುಳಿ ತೆಗೆಸಿದ ಮೇಲೆ, ತೆಂಕು–ಪಡು ಮೂಲೆಯ ಕಂಗುಗಳ ಮೈ ಹಳದಿ ತಿರುಗಿ, ಆಮೇಲೆ ಕಂದಾಗಿ, ಸೀಳು ಬಿಡುತ್ತಿದೆ ಎಂದು ನೀವು ಹೇಳಿದಿರಿ. ಅದೂ ಇದೇ ಕಾಲದಲ್ಲಿ ಅಲ್ಲವೇ, ಸೂರ್ಯ ತೆಂಕಿಗೆ ಜಾರಿದ ತಿಂಗಳುಗಳ ಮಧ್ಯಾಹ್ನ ಮೇಲಿನ ಬಿಸಿಲಿಗೆ. ನಿಮಗೆ ನೆರಳು ಹೋದ ಸಿಟ್ಟು, ನನಗೆ ನೆರಳು ಬಂದ ಸಿಟ್ಟು, ಸೂರ್ಯ ಒಬ್ಬನೇ.

ಇಲ್ಲಿ ನೆರಳಿಗೂ ಕಾನೂನು ಇದೆ. 2003ರ ಒಂದು ಕಾಯ್ದೆಯ ಭಾಗ, ಇಂಗ್ಲೆಂಡಿನಲ್ಲಿ 2005ರ ಜೂನಿನಿಂದ ಜಾರಿಯಲ್ಲಿದೆ. ವರ್ಷವಿಡೀ ಹಸಿರಾಗಿರುವ ಗಿಡ, ಎರಡಾದರೂ ಸಾಲಾಗಿ ನಿಂತು, 2 ಮೀಟರಿಗಿಂತ ಎತ್ತರವಾಗಿ ಬೆಳಕಿಗೆ ಅಡ್ಡ ಬಂದರೆ ಕೌನ್ಸಿಲಿಗೆ ದೂರು ಕೊಡಬಹುದು. ಕೌನ್ಸಿಲ್ ಅಂದರೆ ನಮ್ಮ ಪಂಚಾಯತಿನ ಹಾಗೆ. ನಿಮಗೆ ವಿಲ್ಲೇಜ್ ಆಫೀಸಿನ ಮಲಯಾಳ ಕಾಗದ ಹೇಗೋ ನನಗೆ ಇವರ ಇಂಗ್ಲಿಷ್ ಹಾಗೆ, ಪ್ರತಿಯೊಂದು ಶಬ್ದ ಗೊತ್ತು, ಒಟ್ಟು ಏನೆಂದು ಗೊತ್ತಿಲ್ಲ. ನಾಲ್ಕು ಸಲ ಓದಿ ತಿಳಿದದ್ದು ಇಷ್ಟು. ದೂರಿಗೆ ಹೆಚ್ಚಿನ ಕಡೆ ನೂರಾರು ಪೌಂಡ್ ಕಟ್ಟಬೇಕು, ಗೆದ್ದರೂ ಅದು ಸಾಮಾನ್ಯವಾಗಿ ಹಿಂದೆ ಬಾರದು. ಮೊದಲು ನೆರೆಯವರೊಡನೆ ಮಾತಾಡಿದ್ದೀರಾ ಎಂದು ಕೇಳುತ್ತಾರೆ, ಇಲ್ಲವೆಂದರೆ ದೂರನ್ನೇ ಬದಿಗಿಡಬಹುದು. ಇಷ್ಟೆಲ್ಲ ಆದರೂ 2 ಮೀಟರಿಗಿಂತ ಕೆಳಗೆ ಕಡಿಸುವ ಹಾಗಿಲ್ಲ. ನಮ್ಮ ಬದಿಗೆ ಚಾಚಿದ ಗೆಲ್ಲನ್ನು ಗಡಿಯವರೆಗೆ ನಾವೇ ಕಡಿಯಬಹುದು, ಆದರೆ ಕಡಿದ ಗೆಲ್ಲು ಅವರ ಸೊತ್ತು! ಗಡಿ ದಾಟಿದ ಗೆಲ್ಲಿನ ಸೇಬು ಕೂಡ ಮರದ ಯಜಮಾನನದೇ. "ನಮ್ಮ ಅಗಳಿನೊಳಗೆ ಬಿದ್ದ ಹಲಸು ನಮ್ಮದು" ಎಂಬ ಅಜ್ಜಿಯ ತೀರ್ಪು ಇಲ್ಲಿ ನಡೆಯಲಿಕ್ಕಿಲ್ಲ. ನೆರಳು ಹೋದವರಿಗೆ ಮಾತ್ರ ಇಲ್ಲೂ ಯಾವ ಕಾನೂನೂ ಕಾಣಲಿಲ್ಲ ಅಪ್ಪಾ, ನಿಮಗೋಸ್ಕರ ಹುಡುಕಿದೆ.

ನಾನು ಮಾಡಿದ ದೊಡ್ಡ ತಪ್ಪೆಂದರೆ ಚೀಟಿ. ಜನವರಿಯಲ್ಲಿ ತುಂಬ ಮರ್ಯಾದೆಯಿಂದ ಅರ್ಧ ಪುಟ ಬರೆದು ಅಜ್ಜನ ಬಾಗಿಲಿನ ಅಂಚೆಕಂಡಿಯಲ್ಲಿ ಹಾಕಿ ಬಂದೆ. ಮಾರನೆ ದಿನದಿಂದ ನನ್ನ ಮುಖ ಕಂಡರೆ ಒಳಗೆ ಹೋಗಿ ಬಾಗಿಲು ಹಾಕುವುದು ಸುರುವಾಯಿತು. ಪಕ್ಕದ ಬೀದಿಯ ಪಂಜಾಬಿ ಹೆಂಗಸು ಆಮೇಲೆ ಹೇಳಿದಳು, ಇಲ್ಲಿ ಬಾಯಲ್ಲಿ ಹೇಳದೆ ಬರೆದು ಕೊಟ್ಟರೆ ಮುಂದಿನದು ವಕೀಲ ಎಂದು ಜನ ತಿಳಿಯುತ್ತಾರಂತೆ. ನಾನು ಮರ್ಯಾದೆ ಎಂದುಕೊಂಡದ್ದು ಅವರಿಗೆ ನೋಟೀಸು ಆಗಿತ್ತು.

ಮಾತು ಸುರುವಾದದ್ದು ನಾತದಿಂದ. ಅಜ್ಜನಿಗೆ ಇನ್ನೊಂದು ಕ್ರಮ ಇದೆ. ಕಾಂಫ್ರಿ ಎಂಬ ಒರಟು ಎಲೆಯ ಗಿಡ ಬೆಳೆಸಿ, ಎಲೆ ಕೊಯ್ದು ಡ್ರಮ್ಮಿನಲ್ಲಿ ನೀರು ಹಾಕಿ ಕೊಳೆಸುವುದು. ಟೊಮೆಟೊಗೆ ಪೊಟ್ಯಾಷ್ ಸಿಗುತ್ತದೆ ಎಂದು ಇಲ್ಲಿನ ಹಳಬರೆಲ್ಲ ಮಾಡುತ್ತಾರೆ. ಆ ಡ್ರಮ್ಮು ಇದ್ದದ್ದು ಸರಿಯಾಗಿ ನನ್ನ ಬಟ್ಟೆಹಗ್ಗದ ಆಚೆ. ಮಾರ್ಚ್ ಕೊನೆಯ ಶನಿವಾರ, ವರ್ಷದ ಮೊದಲ ಬೆಚ್ಚನೆ ದಿನ, ಚಳಿಗಾಲವಿಡೀ ನೆನೆದದ್ದರ ಮುಚ್ಚಳ ತೆಗೆದು ಕೋಲು ಹಾಕಿ ಕಲಕಿದರು. ಇವರು ಮೂಗು ಮುಚ್ಚಿ ಒಳಗೆ ಓಡಿದರು, ಚರಂಡಿ ಒಡೆಯಿತೆಂದು. ನಾನು ಮಾತ್ರ ಅಲ್ಲೇ ನಿಂತೆ. ಅದು ನಮ್ಮ ಹಟ್ಟಿಯ ಹಿಂದೆ ನೀವು ನೆಲಗಡಲೆ ಹಿಂಡಿ ಕೊಳೆಹಾಕಿದ ನಾತ, ಒಂದು ಚೂರೂ ವ್ಯತ್ಯಾಸ ಇಲ್ಲ.

ಲೇಲ್ಯಾಂಡಿ ಮುದಿಯಾದರೆ ಬುಡದ ಬದಿ ಬೋಳಾಗುತ್ತದೆ. ಆ ಕಂಡಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತೆ. ಆಚೆ ಕಂಡದ್ದು ಎರಡು ರಬ್ಬರ್ ಬೂಟು ಮಾತ್ರ, ಬಲಗಾಲಿನದ್ದಕ್ಕೆ ಸೈಕಲ್ ಟ್ಯೂಬಿನ ಪ್ಯಾಚು. ಬೂಟಿನೊಡನೆಯೇ ಕೇಳಿದೆ, "ಒಂದು ಪಾಲಿಗೆ ಎಷ್ಟು ನೀರು ಸೇರಿಸುತ್ತೀರಿ?"

ಬೂಟು ಅಲುಗಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹತ್ತು" ಎಂದಿತು.

"ನಮ್ಮಪ್ಪನೂ ಹತ್ತೇ. ಆದರೆ ಎಲೆಯನ್ನು ಗೋಣಿಯಲ್ಲಿ ಕಟ್ಟಿ ಕಲ್ಲಿಟ್ಟು ಮುಳುಗಿಸುತ್ತಾರೆ, ಡ್ರಮ್ಮಿಗೆ ಬಿಗಿ ಮುಚ್ಚಳ. ಕಲಕುವುದು ಸಂಜೆ ಮೇಲೆ, ಗಾಳಿ ಬಿದ್ದ ಮೇಲೆ."

ಗೋಣಿಯ ವಿಷಯದಲ್ಲಿ ಸ್ವಲ್ಪ ಸುಳ್ಳು ಹೇಳಿದೆ ಅಪ್ಪಾ, ನೀವು ಯಾವತ್ತೂ ಗೋಣಿ ಕಟ್ಟಿದವರಲ್ಲ, ಅಮ್ಮ ಎಷ್ಟು ಹೇಳಿದರೂ. ಬೂಟು ಬಾಗಿತು, ಕೆಂಪು ಮುಖವೊಂದು ಕಂಡಿಯಲ್ಲಿ ಕಾಣಿಸಿಕೊಂಡಿತು. ನಿನ್ನ ಅಪ್ಪ ಏನು ಬೆಳೆಯುತ್ತಾರೆ ಎಂದು ಕೇಳಿದರು. ಅಡಕ್ಕೆ ಎಂದರೆ ಏನೆಂದು ಹೇಳಲು ಇಪ್ಪತ್ತು ನಿಮಿಷ ಬೇಕಾಯಿತು.

ಆ ದಿನವೇ ಅವರನ್ನು ನಮ್ಮ ಬದಿಗೆ ಕರೆದೆ. ಏನೂ ವಾದ ಮಾಡಲಿಲ್ಲ, ಹಿತ್ತಿಲಿನ ನಡುವೆ ಕುರ್ಚಿ ಹಾಕಿ ಕುಳ್ಳಿರಿಸಿದೆ, ಅಷ್ಟೇ. ಹೊರಗೆ ಎಲ್ಲ ಕಡೆ ಬಿಸಿಲು, ಅಜ್ಜ ನೆರಳಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡರು. ಬೇಲಿ ಏಕೆ ಬೆಳೆಸಿದ್ದೆಂದು ಆಗ ಹೇಳಿದರು. ನಮ್ಮ ಮನೆಯಲ್ಲಿ ಮೊದಲಿದ್ದವರು ಮಕ್ಕಳಿಗೆ ಟ್ರಾಂಪೊಲಿನ್ ತಂದಿಟ್ಟಿದ್ದರಂತೆ. ಅಜ್ಜ ಬೆಂಚಿನಲ್ಲಿ ಚಹಾ ಕುಡಿಯಲು ಕುಳಿತರೆ ಬೇಲಿಯ ಮೇಲಿಂದ ಮೂರು ತಲೆಗಳು ಒಂದಾದ ಮೇಲೊಂದು ಏಳುವುದು, ಇಳಿಯುವುದು. "ಮಕ್ಕಳು ಹಾರುವಷ್ಟು ಎತ್ತರಕ್ಕೆ ಬಿಟ್ಟೆ. ಅವರೂ ಬೆಳೆದರು, ಇದೂ ಬೆಳೆಯಿತು." ಆ ಮಕ್ಕಳು ಈಗ ಎಲ್ಲೋ ಕೆಲಸದಲ್ಲಿದ್ದಾರಂತೆ.

ಅವರ ಕಡೆಯಿಂದಲೂ ದೂರು ಇತ್ತು ನೋಡಿ. ನಮ್ಮ ಅಡುಗೆಮನೆಯ ಫ್ಯಾನು ಹೊಗೆ ದಬ್ಬುವುದು ಅವರ ಬೆಂಚಿನ ಕಡೆಗೆ. ಒಣಮೆಣಸಿನ ಒಗ್ಗರಣೆಗೆ ಕೆಮ್ಮಿ ಕೆಮ್ಮಿ ಎದ್ದು ಹೋಗುತ್ತಿದ್ದರಂತೆ, ಚೀಟಿ ಮಾತ್ರ ಬರೆಯಲಿಲ್ಲವಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಿದರು. ಈಗ ಒಗ್ಗರಣೆಗೆ ಮೊದಲು ಫ್ಯಾನು ನಿಲ್ಲಿಸಿ ಬೀದಿ ಬದಿಯ ಕಿಟಕಿ ತೆರೆಯುತ್ತೇನೆ.

ಕಡಿಯಲು ಒಪ್ಪಿದರು, ಆದರೆ ಕೂಡಲೇ ಅಲ್ಲ. ಬೇಲಿಯೊಳಗೆ ಕೈ ಹಾಕಿ ಗೆಲ್ಲು ಸರಿಸಿ ತೋರಿಸಿದರು. ಹುಲ್ಲು–ಮಣ್ಣಿನ ಬಟ್ಟಲು, ಅದರಲ್ಲಿ ತಿಳಿ ನೀಲಿ–ಹಸಿರು ಬಣ್ಣದ, ಕಂದು ಚುಕ್ಕೆಯ ನಾಲ್ಕು ಮೊಟ್ಟೆ. ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿಯದು, ಗಂಡು ಕಪ್ಪು, ಕೊಕ್ಕು ಹಣ್ಣಡಕ್ಕೆಯ ಬಣ್ಣ. ಮೊಟ್ಟೆಮರಿ ಇರುವ ಗೂಡನ್ನು ಬೇಕೆಂದೇ ಹಾಳು ಮಾಡಿದರೆ 1981ರ ಕಾಯ್ದೆಯಲ್ಲಿ ಅಪರಾಧ. ಮಾರ್ಚಿನಿಂದ ಆಗಸ್ಟ್‌ವರೆಗೆ ಬೇಲಿಗೆ ಕತ್ತರಿ ಹಾಕದಿರುವುದು ಇಲ್ಲಿನ ಪದ್ಧತಿ. ಹಾಗಾಗಿ ಒಂದು ಬೇಸಗೆ ಬಸಳೆಯೂ ಇಲ್ಲ, ಹರಿವೆಯೂ ಇಲ್ಲ. ಸಿಟ್ಟು ಬಂತು ಎಂದರೆ ಸುಳ್ಳಲ್ಲ.

ಹೊಗೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಅಜ್ಜ ತರಗೆಲೆ ಸುಡುತ್ತಾರೆ. ಇಲ್ಲಿ ಬೆಂಕಿ ಹಾಕಬಾರದೆಂಬ ಕಾನೂನಿಲ್ಲ, ಹೊಗೆಯಿಂದ ಮತ್ತೆ ಮತ್ತೆ ಉಪದ್ರವಾದರೆ ಮಾತ್ರ ಕೌನ್ಸಿಲ್ ತಡೆಯಬಹುದು. ಸುಡುಮಣ್ಣಿನ ಹೊಗೆಯಲ್ಲಿ ಬೆಳೆದವಳು ನಾನು, ಯಾವ ಬಾಯಲ್ಲಿ ದೂರು ಹೇಳಲಿ? ಬೆಂಕಿ ಕೊಡುವ ಮೊದಲು ನಮ್ಮ ಬಾಗಿಲು ತಟ್ಟುತ್ತಾರೆ, ಬಟ್ಟೆ ತೆಗೆದುಕೊಳ್ಳುತ್ತೇನೆ. ಆದಿತ್ಯವಾರ ಬೆಳಿಗ್ಗೆ ಹುಲ್ಲು ಕತ್ತರಿಸುವ ಮೆಷಿನು ಓಡಿಸುವುದನ್ನು ಮಾತ್ರ ಬಿಟ್ಟಿಲ್ಲ, ಬಿಡುವ ಲಕ್ಷಣವೂ ಇಲ್ಲ.

ಕಳೆದ ಶನಿವಾರ ಕಡಿಸಿಯಾಯಿತು. ಖರ್ಚು ಅರ್ಧರ್ಧ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಯಬಾರದಂತೆ, ಬದಿಯಿಂದ ಕಂದು ಗೆಲ್ಲು ಕಾಣುವಷ್ಟು ಕೆರೆದರೆ ಅಲ್ಲಿ ಮತ್ತೆ ಚಿಗುರದಂತೆ. ಹಾಗೆ 2.7 ಮೀಟರಿಗೆ ನಿಲ್ಲಿಸಿದರು. ಇವರು ಮತ್ತೆ ಲೆಕ್ಕ ಹಾಕಿದರು. ಡಿಸೆಂಬರಿನಲ್ಲಿ ಇನ್ನೂ 11 ಮೀಟರ್ ನೆರಳು, ಅಂದರೆ ಆಗ ಬಿಸಿಲು ಬಾರದು. ಮಾರ್ಚ್ ಕೊನೆಗೆ ಸುಮಾರು 3 ಮೀಟರ್, ಅರ್ಧ ಹಿತ್ತಿಲು ಸಿಗುತ್ತದೆ. ನನಗೆ ಸಾಕು.

ಈಗ ನಿಮ್ಮದು. ತೆಂಕು–ಪಡು ಮೂಲೆಯ ಕಂಗುಗಳಿಗೆ ತುಲಾ ತಿಂಗಳೊಳಗೆ ಸುಣ್ಣ ಬಳಿಸಿ, ಇಲ್ಲವಾದರೆ ಬಿಸಿಲು ಬೀಳುವ ಬದಿಗೆ ಸೋಗೆಯಾದರೂ ಕಟ್ಟಿಸಿ. ಬಿದ್ದ ಸೀಳು ಇನ್ನು ಕೂಡುವುದಿಲ್ಲ, ಉಳಿದದ್ದಾದರೂ ಉಳಿಯಲಿ. ಮಾವನ ರಬ್ಬರ್ ನೆರಳು ಕೊಡುವಷ್ಟು ಏಳಲು ಇನ್ನೂ ಕೆಲವು ವರ್ಷ ಬೇಕು. ಗಡಿಗೆ ಹತ್ತಿರದ ಸಾಲನ್ನು ಮೊದಲು ನೆಡಲಿ ಎಂದು ಗುಳಿ ಮುಚ್ಚುವ ಮೊದಲೇ ಕೇಳಿ. ಕೇಳಲಾಗದಿದ್ದರೆ ಈ ಪತ್ರದ ಹೆಸರು ಹೇಳಿ, ನನ್ನನ್ನು ಎತ್ತಿ ಆಡಿಸಿದವರು ಅವರು. ಮತ್ತೆ, ಮಾವನ ಕಡೆಗೆ ಬೇಲಿ ದಾಟುವ ತಡಮ್ಮೆಗೆ ಮುಳ್ಳು ಅಡ್ಡ ಇಟ್ಟಿದ್ದೀರಂತೆ. ಅಮ್ಮ ಅವರ ಮನೆಗೆ ಹಾಲು ಕೊಡಲು ಸಂಕ ದಾಟಿ ಸುತ್ತು ಬಳಸಿ ಹೋಗುತ್ತಿದ್ದಾಳೆ, ನಿಮಗೆ ಹೇಳಿಲ್ಲ. ಅವಳ ಮೊಣಗಂಟಿಗೋಸ್ಕರವಾದರೂ ಮುಳ್ಳು ತೆಗೆಯಿರಿ.

ಅಮ್ಮಾ, ಅಲಸಂಡೆ ಬೀಜ ಅಂಚೆಯಲ್ಲಿ ಹಾಕಬೇಡ. ಗಿಡರೋಗ ಇಲ್ಲವೆಂಬ ಸರಕಾರದ ಪ್ರಮಾಣಪತ್ರ ಇಲ್ಲದೆ ಹೊರದೇಶದ ಬೀಜ ಇಲ್ಲಿ ಒಳಗೆ ಬಿಡುವುದಿಲ್ಲ. ಅಜ್ಜ ಅವರ ಕೆಂಪು ಹೂವಿನ ಬೀನ್ಸಿನ ಬೀಜ ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದಾರೆ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ನೇರಳೆ ಮೈಗೆ ಕಪ್ಪು ಮಚ್ಚೆ. ಮೇ ತಿಂಗಳಲ್ಲಿ ಹಾಕಬೇಕಂತೆ. ಎಳತಿನಲ್ಲೇ ಕೊಯ್ಯಬೇಕು, ಬಲಿತರೆ ನಾರು. ಪಲ್ಯಕ್ಕೆ ಕಾಯಿ ಎಷ್ಟು ಹಾಕಲಿ ಎಂದು ಮುಂದಿನ ಫೋನಿನಲ್ಲಿ ಹೇಳು.

ನಿಮ್ಮ ಮಗಳು