ಪಿಯುಸಿಯಲ್ಲಿ ನಿಂತುಹೋಗುವ ಓಟ

ಪ್ರೌಢಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಮಕ್ಕಳು ಪಿಯುಸಿಯ ಎರಡು ವರ್ಷಗಳಲ್ಲಿ ಅಭ್ಯಾಸ ತಪ್ಪಿ ಕ್ರೀಡೆಯಿಂದಲೇ ದೂರವಾಗುತ್ತಿದ್ದಾರೆ. ಶಿಕ್ಷಣ ಇಲಾಖೆ ಇತ್ತ ಗಮನ ಹರಿಸಬೇಕು.

ನಮ್ಮೂರ ಪ್ರೌಢಶಾಲೆಯ ಹುಡುಗಿಯೊಬ್ಬಳು ಎಂಟನೇ ತರಗತಿಯಲ್ಲಿ 3,000 ಮೀಟರ್ ಓಟ ಮುಗಿಸಲು 13 ನಿಮಿಷ 40 ಸೆಕೆಂಡು ತೆಗೆದುಕೊಂಡಿದ್ದಳು. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅದು ಹನ್ನೊಂದೂವರೆ ನಿಮಿಷಕ್ಕೆ ಇಳಿಯಿತು. ಅದೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ 200 ಮೀಟರಿನ ಮಣ್ಣಿನ ಟ್ರ್ಯಾಕಿನಲ್ಲಿ, ಬರಿಗಾಲಲ್ಲಿ, ಹದಿನೈದು ಸುತ್ತು! ದೈಹಿಕ ಶಿಕ್ಷಕರು ಬೆಳಿಗ್ಗೆ ಆರಕ್ಕೇ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಿದ್ದರು. ಮುಂದೆ ಪದವಿ ಕಾಲೇಜು ಸೇರಿ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಓಡಬೇಕೆಂಬುದು ಆಕೆಯ ಆಸೆ. ಈಗ ಓದುತ್ತಿರುವ ಪಿಯು ಕಾಲೇಜಿನಲ್ಲಿ ಮೈದಾನವೂ ಇಲ್ಲ, ಹೇಳಿಕೊಡುವವರೂ ಇಲ್ಲ. ಕಳೆದ ತಿಂಗಳು ಸಿಕ್ಕಾಗ, 'ಓಡಿ ಆರು ತಿಂಗಳಾಯ್ತು ಸರ್' ಎಂದಳು.

ಮೂಡುಬಿದಿರೆಯಂಥ ಕಡೆ ಸಿಂಥೆಟಿಕ್ ಟ್ರ್ಯಾಕ್, ವಸತಿ, ತರಬೇತಿ ಎಲ್ಲವೂ ಇವೆ, ನಿಜ. ಆದರೆ ಹದಿನಾರರ ಮಗಳನ್ನು ಅಷ್ಟು ದೂರ ಕಳಿಸುವ ಧೈರ್ಯ, ಅನುಕೂಲ ಎಲ್ಲ ಮನೆಗಳಿಗೂ ಇರುವುದಿಲ್ಲ.

ಇದಕ್ಕೆ ಹೊಸ ಕ್ರೀಡಾಂಗಣವೇ ಬೇಕೆಂದಿಲ್ಲ. ಪಿಯು ವಿದ್ಯಾರ್ಥಿಗಳು ತಮ್ಮ ಹಳೆಯ ಪ್ರೌಢಶಾಲೆಯ ಮೈದಾನದಲ್ಲಿ, ಅದೇ ದೈಹಿಕ ಶಿಕ್ಷಕರ ಬಳಿ ಅಭ್ಯಾಸ ಮುಂದುವರಿಸಲು ಇಲಾಖೆ ಸುತ್ತೋಲೆ ಹೊರಡಿಸಲಿ. ಬೆಳಗಿನ ಆ ಹೆಚ್ಚುವರಿ ದುಡಿಮೆಗೆ ಶಿಕ್ಷಕರಿಗೆ ಗೌರವಧನ ಕೊಡಲಿ. ಅಭ್ಯಾಸ ಮುಗಿಸಿ ಬರುವ ಮಕ್ಕಳಿಗೆ ಮೊದಲ ಪೀರಿಯಡ್‌ನ ಹಾಜರಾತಿಯಲ್ಲಿ ವಿನಾಯಿತಿ ಇರಲಿ.

– ನಿವೃತ್ತ ಶಿಕ್ಷಕ, ಶಿರಸಿ