ಮಿಲಾನ್‌ನಲ್ಲಿ ಮನೆ ಖಾಲಿ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ 31ಕ್ಕೆ ಬಾಡಿಗೆ ಮನೆ ಬಿಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಅಡ್ವಾನ್ಸ್ ವಾಪಸ್ ಬರಬೇಕು ಅಲ್ವಾ?

ಮನೆ ಓನರ್ ಬಂದರೆ ಮೊದಲು ನಲ್ಲಿ ನೋಡುತ್ತಾರೆ. ಇಲ್ಲಿನ ನೀರು ಗಡಸು, ನಲ್ಲಿ ಬುಡದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟು, ಆಮೇಲೆ ಹಳೇ ಬ್ರಷ್‌ನಲ್ಲಿ ಉಜ್ಜಿ. ಮಾರ್ಬಲ್ ಕಟ್ಟೆಗೆ ಮಾತ್ರ ವಿನೆಗರ್ ತಾಗಿಸಬೇಡಿ, ಹೊಳಪು ಹೋಗುತ್ತದೆ. ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬೇಡಿ, ವಿಷಗಾಳಿ ಬರುತ್ತದೆ.

ಊರಲ್ಲಿ ಮಾಡುವ ಹಾಗೆ ಬಾತ್‌ರೂಮಿಗೆ ಬಕೆಟ್ ನೀರು ಸುರಿಯಬೇಡಿ. ಹೆಚ್ಚಿನ ಮನೆಗಳಲ್ಲಿ ನೆಲದ ನೀರು ಹೋಗಲು ದಾರಿಯೇ ಇಲ್ಲ. ಮಾಪ್ ಹಿಂಡಿ ಒರೆಸಿದರೆ ಸಾಕು. ಬಾಲ್ಕನಿಗೂ ಅಷ್ಟೇ, ಕೆಳಗಿನವರ ಒಣಹಾಕಿದ ಬಟ್ಟೆ ಮೇಲೆ ಹನಿ ಬಿದ್ದರೆ ಜಗಳ ಗ್ಯಾರಂಟಿ. ಬಿದೇ (ಕಮೋಡ್ ಪಕ್ಕ ಇರುವ, ಕೂತು ತೊಳೆದುಕೊಳ್ಳುವ ತಗ್ಗು ಬೇಸಿನ್) ಕೂಡ ತೊಳೆಯಿರಿ. ಮನೆಗೊಂದು ಬಿದೇ ಇರಲೇಬೇಕು ಎಂದು ಇಲ್ಲಿ 1975ರಿಂದ ನಿಯಮವೇ ಇದೆ. ನಮ್ಮವರು ಅದರಲ್ಲಿ ಬಕೆಟ್ ಇಡುತ್ತಾರೆ!

ಓನರ್ ಕೊಟ್ಟ ಮೋಕಾ ಕಾಫಿ ಪಾತ್ರೆಗೆ ಸೋಪು ಬೇಡ, ಬರೀ ನೀರು. ಇಟಲಿಯವರು ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು.

ಕಸ: ಅಡುಗೆಮನೆಯ ಹಸಿಕಸ ಕಂದು ಡಬ್ಬಿಗೆ, ಗಾಜು ಹಸಿರಿಗೆ, ಪೇಪರ್ ಬಿಳಿಗೆ, ಪ್ಲಾಸ್ಟಿಕ್ ಮತ್ತು ಲೋಹದ ಡಬ್ಬ ಹಳದಿ ಚೀಲಕ್ಕೆ. ಹಳೇ ಹಾಸಿಗೆ ಗೇಟಿನ ಮುಂದೆ ಇಟ್ಟು ಹೋಗಬೇಡಿ, ದಂಡ ಬೀಳುತ್ತದೆ.

ಮಾಪ್, ಬಕೆಟ್ ಬೇಕಾದವರು, ಶನಿವಾರ ಸಹಾಯಕ್ಕೆ ಬರಬಲ್ಲವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಊಟ ಮನೆ ಬಿಡುವವರದ್ದು!